ಅಮ್ಮನ ಡ್ರಿಪ್ಪಿನಲ್ಲೂ ನ್ಯಾನೋ, ಚಾವಡಿಯ ಸ್ಪ್ರೇಯಲ್ಲೂ ನ್ಯಾನೋ. ಯಾವುದಕ್ಕೆ ಹೆದರಬೇಕು?

ಪೆರ್ಲದ ಮಗಳು:

ನಾನು ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ ಇರುವವಳು. ಮೂರು ಎಕರೆ ಅಡಿಕೆ, ಅದರ ಮಧ್ಯೆ ಕಾಳುಮೆಣಸು. ಮನೆಯಲ್ಲಿ ಅಮ್ಮ, ತಮ್ಮ, ನಾನು, ನನ್ನ ಮಗಳು. ಅಮ್ಮನಿಗೆ 61 ವರ್ಷ. ಎದೆಯ ಕ್ಯಾನ್ಸರ್. ಎರಡು ವರ್ಷದ ಹಿಂದೆ ಆಪರೇಷನ್ ಆಗಿತ್ತು, ಈಗ ಮತ್ತೆ ಕಾಣಿಸಿಕೊಂಡಿದೆ. ಮೂರು ವಾರಕ್ಕೊಮ್ಮೆ ಮಂಗಳೂರಿಗೆ ಹೋಗಿ ಬರುತ್ತೇವೆ.

ಮೊದಲ ಸಲ ಕೊಟ್ಟ ಪ್ಯಾಕ್ಲಿಟಾಕ್ಸೆಲ್ ಅನ್ನುವ ಕೀಮೋ ಮದ್ದು ಅಮ್ಮನಿಗೆ ಆಗಲಿಲ್ಲ. ಡ್ರಿಪ್ ಹಾಕಿ ಹತ್ತು ನಿಮಿಷವೂ ಆಗಿರಲಿಲ್ಲ. ಮುಖ ಕೆಂಪಾಯಿತು, ಉಸಿರು ಕಟ್ಟಿತು, ನನ್ನ ಕೈ ಗಟ್ಟಿ ಹಿಡಿದುಕೊಂಡರು. ನರ್ಸ್ ಓಡಿ ಬಂದು ನಿಲ್ಲಿಸಿದರು. ಈಗ ಡಾಕ್ಟರು ಹೇಳುತ್ತಾರೆ, "ಮುಂದಿನ ಸಲ ನ್ಯಾನೋ ಕೊಡೋಣ. ಮದ್ದು ಅದೇ, ರೂಪ ಬೇರೆ." ಸಹಿ ಮಾಡಲು ಎರಡು ಹಾಳೆ ಕೊಟ್ಟರು, ಇಂಗ್ಲಿಷಿನಲ್ಲಿ. ಕಾಸರಗೋಡಿಗೆ ಹೋದರೆ ಮಲಯಾಳ, ಮಂಗಳೂರಿಗೆ ಹೋದರೆ ಇಂಗ್ಲಿಷ್. ಕನ್ನಡದಲ್ಲಿ ನಮ್ಮದು ಸಹಿ ಮಾತ್ರ.

ಮನೆಗೆ ಬಂದ ಮೇಲೆ ನೋಡಿದರೆ ಎಲ್ಲ ಕಡೆ ಈ ಶಬ್ದವೇ. ತಮ್ಮ ಸೊಸೈಟಿಯಿಂದ ತಂದ ಯೂರಿಯಾ ಬಾಟಲಿಯಲ್ಲಿ ನ್ಯಾನೋ. ಮಗಳ ಸನ್‌ಸ್ಕ್ರೀನ್ ಬಗ್ಗೆ ಯಾರೋ ವಿಡಿಯೊದಲ್ಲಿ ಹೇಳಿದ್ದಾರಂತೆ, ಅದರಲ್ಲೂ ನ್ಯಾನೋ. ಚಾವಡಿಯಲ್ಲಿ ಒಂದು ಸ್ಪ್ರೇ ಉಂಟು, 'ನ್ಯಾನೋ ಸಿಲ್ವರ್'. ಮನೆಬಾಗಿಲಿಗೆ ಬಂದ ಹುಡುಗ ಮಾರಿ ಹೋದದ್ದು. ವೈರಸ್, ಬೂಸ್ಟು, ವಾಸನೆ ಎಲ್ಲ ಹೋಗುತ್ತದೆ ಅಂದ. ಕೀಮೋ ತೆಗೆದುಕೊಳ್ಳುವವರಿಗೆ ಇನ್‌ಫೆಕ್ಷನ್ ಆಗಬಾರದು ಅಂತ ದಿನಕ್ಕೆ ಎರಡು ಸಲ ಅಮ್ಮನ ಕೋಣೆಯಲ್ಲಿ ನಾನೇ ಹೊಡೆಯುತ್ತೇನೆ.

ನನ್ನ ಹೆದರಿಕೆಗೆ ಕಾರಣ ಹೇಳಬೇಕು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಗೇರು ಗುಡ್ಡದ ಮೇಲೆ ಹೆಲಿಕಾಪ್ಟರ್ ಬರುತ್ತಿತ್ತು. ನಾವು ಮಕ್ಕಳೆಲ್ಲ ಶಾಲೆಯಿಂದ ಹೊರಗೆ ಓಡಿ ಕೈ ಬೀಸುತ್ತಿದ್ದೆವು. ಅದು ಬಿಡುತ್ತಿದ್ದದ್ದು ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಅಂತ ಗೊತ್ತಿರಲಿಲ್ಲ. ಬಾವಿ ಮುಚ್ಚಿ ಅಂದಿದ್ದರು, ಅಜ್ಜಿ ತೆಂಗಿನ ಮಡಲು ಹಾಕಿ ಮುಚ್ಚುತ್ತಿದ್ದರು. ಗುಡ್ಡದೊಳಗಿನಿಂದ ಬರುವ ಸುರಂಗದ ನೀರಿಗೆ ಎಂತದು ಮುಚ್ಚುವುದು? ಆಗಲೂ ಏನೂ ಆಗುವುದಿಲ್ಲ ಅಂದವರು ಓದಿದವರೇ.

ನನ್ನ ಪ್ರಶ್ನೆ ಇಷ್ಟೆ. ಈ ನ್ಯಾನೋ ಸುರಕ್ಷಿತವೋ ಅಲ್ಲವೋ ಅಂತ ನಿಜಕ್ಕೂ ಯಾರಾದರೂ ನೋಡುತ್ತಾರಾ? ಹೇಗೆ ನೋಡುತ್ತಾರೆ? ಡಾಕ್ಟರ ಕೋಣೆಯ ಹೊರಗೆ ನಲವತ್ತು ಜನ ಕೂತಿರುತ್ತಾರೆ, ಅಲ್ಲಿ ಇಷ್ಟೆಲ್ಲ ಕೇಳಲು ಆಗುವುದಿಲ್ಲ. ವಾಟ್ಸಾಪ್ ಫಾರ್ವರ್ಡ್ ಹಾಕಬೇಡಿ, ಅದು ನನ್ನ ಹತ್ತಿರವೇ ಬೇಕಾದಷ್ಟು ಉಂಟು.

ಅಡಿಕೆಸೋಗೆ, ಮುಳ್ಳೇರಿಯ:

ಅಮ್ಮನ ವಿಷಯ ತಿಳಿದವರು ಹೇಳಲಿ. ಯೂರಿಯಾ ವಿಷಯ ನಾನು ಹೇಳುತ್ತೇನೆ. 2021ರಲ್ಲಿ ಬಂದಾಗ ಅರ್ಧ ಲೀಟರ್ ಬಾಟಲಿ 45 ಕಿಲೋ ಮೂಟೆಗೆ ಸಮ ಅಂದರು. ನಾನು ಲೆಕ್ಕ ಹಾಕಿದೆ. ಆ ಬಾಟಲಿಯಲ್ಲಿ ಸಾರಜನಕ ಶೇ. 4, ಅಂದರೆ 20 ಗ್ರಾಂ. ಮೂಟೆಯಲ್ಲಿ ಶೇ. 46, ಅಂದರೆ ಇಪ್ಪತ್ತು ಕಿಲೋ ಮೇಲೆ. ಸಾವಿರ ಪಟ್ಟು ವ್ಯತ್ಯಾಸ. ಎಲೆಯೇ ಕುಡಿಯುತ್ತದೆ, ವ್ಯರ್ಥ ಆಗುವುದಿಲ್ಲ ಅಂತ ಉತ್ತರ. ಇರಬಹುದು ಮಾರಾಯ್ರೆ, ಆದರೆ ಗಿಡದ ಹೊಟ್ಟೆಗೂ ಒಂದು ಲೆಕ್ಕ ಉಂಟಲ್ಲ. ಮತ್ತೆ ನಮ್ಮ ಅಡಿಕೆಯ ಎಲೆ ಇರುವುದು ನಲವತ್ತು ಅಡಿ ಮೇಲೆ. ಕೊಳೆರೋಗಕ್ಕೆ ಮದ್ದು ಬಿಡುವವರೇ ಸಿಗುವುದಿಲ್ಲ, ಇನ್ನು ಯೂರಿಯಾ ಬಿಡಲು ಯಾರು ಹತ್ತುತ್ತಾರೆ?

ಹಳೆ ಲ್ಯಾಬಿನವ, ಮಂಜೇಶ್ವರ:

ನಾನು ಬೆಂಗಳೂರಿನ ಒಂದು ವಿಷಪರೀಕ್ಷೆಯ ಲ್ಯಾಬಿನಲ್ಲಿ 19 ವರ್ಷ ಇದ್ದೆ. ಈಗ ಊರಲ್ಲಿ ಮಲ್ಲಿಗೆ ಬೆಳೆಸುತ್ತೇನೆ. ವಿಜ್ಞಾನಿ ಅಲ್ಲ. ತೂಕ ಮಾಡುವುದು, ಕಲಸುವುದು, ಇಲಿಗೆ ಕೊಡುವುದು, ಬರೆದಿಡುವುದು ನನ್ನ ಕೆಲಸವಾಗಿತ್ತು. ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಸಾವಕಾಶ ಓದಿ.

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯ ನಾಲ್ಕು ನ್ಯಾನೋಗಳಲ್ಲಿ ಅತಿ ಜಾಸ್ತಿ ಪರೀಕ್ಷೆ ದಾಟಿ ಬಂದದ್ದು ಅಮ್ಮನ ಡ್ರಿಪ್. ಅತಿ ಕಡಿಮೆ ಪರೀಕ್ಷೆ ಆದದ್ದು ಅಮ್ಮನ ಕೋಣೆಯಲ್ಲಿ ನೀವು ಹೊಡೆಯುವ ಸ್ಪ್ರೇ. ನೀವು ಹೆದರಿದ್ದು ಸರಿ, ಬಾಟಲಿ ತಪ್ಪು.

ನ್ಯಾನೋ ಅನ್ನುವುದು ಒಂದು ವಸ್ತು ಅಲ್ಲ, ಅಳತೆ. ನಮ್ಮ ಸೇರು, ಪಾವು ಇದ್ದ ಹಾಗೆ. 'ಒಂದು ಪಾವು ತಿಂದರೆ ಏನಾದರೂ ಆಗುತ್ತದಾ' ಅಂತ ಕೇಳಿದರೆ ಏನು ಹೇಳುವುದು? ಯಾವುದರ ಪಾವು? ಅಕ್ಕಿಯೋ, ಕಾಸರಕನ ವಿಷದ ಬೀಜವೋ? ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಒಳಗಿನ ಕಣಕ್ಕೆ ಈ ಹೆಸರು. ಮದ್ದಿನ ವಿಷಯದಲ್ಲಿ ಸ್ವಲ್ಪ ದೊಡ್ಡದನ್ನೂ ಸೇರಿಸುತ್ತಾರೆ. ತಲೆಕೂದಲಿನ ದಪ್ಪ ಹತ್ತಿರ ಹತ್ತಿರ 80,000 ನ್ಯಾನೋಮೀಟರ್.

ಇಷ್ಟು ಸಣ್ಣದಾದರೆ ಏನು ವ್ಯತ್ಯಾಸ? ಹೊರಮೈ. ಒಂದು ಸೆಂಟಿಮೀಟರಿನ ಚೌಕ ಕಲ್ಲುಸಕ್ಕರೆ ತೆಗೆದುಕೊಳ್ಳಿ. ಆರು ಮುಖ, ಒಟ್ಟು 6 ಚದರ ಸೆಂಟಿಮೀಟರ್. ಅದನ್ನೇ ಒಂದು ನ್ಯಾನೋಮೀಟರಿನ ಚೌಕಗಳಾಗಿ ಕತ್ತರಿಸಿದರೆ ಒಟ್ಟು ಹೊರಮೈ 6,000 ಚದರ ಮೀಟರ್. ಹತ್ತಿರ ಹತ್ತಿರ ಒಂದೂವರೆ ಎಕರೆ. ನಿಮ್ಮ ಅರ್ಧ ತೋಟ, ಒಂದು ಕಲ್ಲುಸಕ್ಕರೆಯಿಂದ. ಮೈಗೆ ಏನಾದರೂ ಮಾಡುವುದು ಈ ಹೊರಮೈಯೇ. ಹಾಗಾಗಿ 'ಇಷ್ಟು ಮಿಲಿಗ್ರಾಂ ಕೊಟ್ಟೆವು, ಏನೂ ಆಗಲಿಲ್ಲ' ಅನ್ನುವ ಹಳೆಯ ಲೆಕ್ಕ ಇಲ್ಲಿ ಪೂರ್ತಿ ನಡೆಯುವುದಿಲ್ಲ.

ಇನ್ನು ಪರೀಕ್ಷೆ. ಇದರಲ್ಲಿ ನಾನೇ ಮಂಗ ಆದ ಕಥೆ ಉಂಟು. ಹಿಂದೊಮ್ಮೆ ಕಪ್ಪು ಇಂಗಾಲದ ಪುಡಿ ಬಂದಿತ್ತು, ಮನೆಯಲ್ಲಿ ದೀಪಕ್ಕೆ ಹಿಡಿದ ಕಾಡಿಗೆಯ ಹಾಗೆ. ತಟ್ಟೆಯ ಸಣ್ಣ ಸಣ್ಣ ಗುಳಿಗಳಲ್ಲಿ ಜೀವಕೋಶ ಬೆಳೆಸಿ ಅದರ ಮೇಲೆ ಪುಡಿ ಹಾಕುವುದು. ಆಮೇಲೆ ಒಂದು ಹಳದಿ ಬಣ್ಣ ಹಾಕುವುದು. ಜೀವ ಇದ್ದ ಕೋಶ ಅದನ್ನು ನೇರಳೆ ಮಾಡುತ್ತದೆ. ಗುಳಿಗೆ ಬೆಳಕು ಬಿಟ್ಟಾಗ ಎಷ್ಟು ಬೆಳಕು ತಡೆಯುತ್ತದೋ ಅಷ್ಟು ಕೋಶ ಬದುಕಿದೆ ಅಂತ ಮೆಷಿನ್ ಹೇಳುತ್ತದೆ. ನನ್ನ ತಟ್ಟೆಯಲ್ಲಿ ಎಲ್ಲ ಬದುಕಿದ್ದವು! ಪುಡಿ ಜಾಸ್ತಿ ಹಾಕಿದಷ್ಟೂ ಇನ್ನೂ ಚೆನ್ನಾಗಿ ಬದುಕಿದ್ದವು. ಒಂದು ವಾರ ನಾನು ಖುಷಿಯಲ್ಲಿದ್ದೆ. ನಮ್ಮ ಮೇಲಿನವರು ರೀಡಿಂಗ್ ನೋಡಿ ಒಂದೇ ಮಾತು ಕೇಳಿದರು: "ಕೋಶವೇ ಇಲ್ಲದ ಗುಳಿಗೆ ಪುಡಿ ಹಾಕಿ ನೋಡಿದ್ದೀರಾ?" ನೋಡಿದೆ. ಅಲ್ಲಿಯೂ 'ಬದುಕಿದ್ದವು'. ಬೆಳಕು ತಡೆದದ್ದು ಕೋಶ ಅಲ್ಲ, ಕಪ್ಪು ಪುಡಿ.

ಇನ್ನೊಂದು ಪೇಚು ಗಂಟು ಕಟ್ಟುವುದು. ಡಬ್ಬಿಯ ಮೇಲೆ ಇಷ್ಟು ನ್ಯಾನೋಮೀಟರ್ ಅಂತ ಇರುತ್ತದೆ. ಉಪ್ಪುನೀರಿಗೆ ಹಾಕಿದ ಕೂಡಲೇ ಕಣಗಳು ಒಂದಕ್ಕೊಂದು ಅಂಟಿ, ಬೆಳಗ್ಗೆ ನೋಡಿದರೆ ತಳದಲ್ಲಿ ಅಕ್ಕಿಹಿಟ್ಟು ಕೂತ ಹಾಗೆ ಕೂತಿರುತ್ತವೆ. ಕಲಕದೆ ಮೇಲಿನ ನೀರು ಇಲಿಗೆ ಕೊಟ್ಟರೆ ಇಲಿ ಆರಾಮ. ಸುರಕ್ಷಿತ ಅಂತ ವರದಿ ಬರೆಯಬಹುದು! ಅದಕ್ಕೇ ಈಗ ಒಳ್ಳೆಯ ಪರೀಕ್ಷೆಯಲ್ಲಿ ಕಣದ ಗಾತ್ರ ಡಬ್ಬಿಯಲ್ಲಿ ಎಷ್ಟು, ದ್ರವದಲ್ಲಿ ಎಷ್ಟು, ಮೇಲೆ ಯಾವ ಲೇಪ, ಕರಗುತ್ತದೋ ಇಲ್ಲವೋ ಎಲ್ಲ ಬರೆಯಬೇಕು. ರಕ್ತಕ್ಕೆ ಹೋದರೆ ಇನ್ನೊಂದು ಆಟ. ಕಣದ ಸುತ್ತ ರಕ್ತದ ಪ್ರೋಟೀನುಗಳು ಬಂದು ಅಂಗಿ ಹಾಕಿದ ಹಾಗೆ ಕೂರುತ್ತವೆ. ಮೈ ಗುರುತಿಸುವುದು ಆ ಅಂಗಿಯನ್ನು. ಹೆಚ್ಚಿನವು ಪಿತ್ತಜನಕಾಂಗ ಮತ್ತು ಗುಲ್ಮದಲ್ಲಿ ಸಿಕ್ಕಿಬೀಳುತ್ತವೆ. 6 ನ್ಯಾನೋಮೀಟರಿಗಿಂತ ಸಣ್ಣದಿದ್ದರೆ ಮಾತ್ರ ಮೂತ್ರದಲ್ಲಿ ಸುಲಭವಾಗಿ ಹೋಗುತ್ತದೆ. ಮೈಯೊಳಗೆ ಎಷ್ಟು ದಿನ ಉಳಿಯುತ್ತದೆ ಅನ್ನುವುದನ್ನು ಬಿಟ್ಟ ಪರೀಕ್ಷೆ ನನ್ನ ಮಟ್ಟಿಗೆ ಅರ್ಧ ಪರೀಕ್ಷೆ.

ಈಗ ಅಮ್ಮನ ಮದ್ದಿಗೆ ಬರೋಣ.

ಪ್ಯಾಕ್ಲಿಟಾಕ್ಸೆಲ್ ನೀರಿನಲ್ಲಿ ಕರಗುವುದಿಲ್ಲ. ಹಳೆಯ ರೂಪದಲ್ಲಿ ಅದನ್ನು ಹರಳೆಣ್ಣೆಯಿಂದ ಮಾಡಿದ ಒಂದು ದ್ರಾವಕ ಮತ್ತು ಆಲ್ಕೋಹಾಲಿನಲ್ಲಿ ಕರಗಿಸುತ್ತಾರೆ. ಅಮ್ಮನಿಗೆ ಆದಂಥ ಅಲರ್ಜಿಗೆ ಎಷ್ಟೋ ಸಲ ಆ ದ್ರಾವಕವೇ ಕಾರಣ. ಅದಕ್ಕೆ ಮೊದಲು ಸ್ಟೀರಾಯ್ಡ್ ಕೊಟ್ಟು, ಮೂರು ಗಂಟೆ ನಿಧಾನ ಹನಿಸುವುದು. ಹೊಸ ರೂಪದಲ್ಲಿ ದ್ರಾವಕ ಇಲ್ಲ. ಮನುಷ್ಯರ ರಕ್ತದಲ್ಲೇ ಇರುವ ಆಲ್ಬುಮಿನ್ ಅನ್ನುವ ಪ್ರೋಟೀನಿಗೆ ಮದ್ದು ಅಂಟಿಸಿ ಸುಮಾರು 130 ನ್ಯಾನೋಮೀಟರಿನ ಕಣ ಮಾಡುತ್ತಾರೆ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2005ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲೇ, 1995ರಲ್ಲಿ, ಡಾಕ್ಸಿಲ್ ಅನ್ನುವ ಕೊಬ್ಬಿನ ಗುಳ್ಳೆಯೊಳಗಿನ ಕ್ಯಾನ್ಸರ್ ಮದ್ದು ಬಂದಾಗಿತ್ತು. ಅಂದರೆ ಅಮ್ಮ ಇದರಲ್ಲಿ ಮೊದಲಿನವರೇನೂ ಅಲ್ಲ.

ನಿಮ್ಮ ಡಾಕ್ಟರು 'ಮದ್ದು ಅದೇ' ಅಂದದ್ದು ಮಾತಿಗೆ ಸರಿ. ಆದರೆ ಎರಡರ ಡೋಸ್ ಬೇರೆ. ಒಂದರ ಬದಲು ಇನ್ನೊಂದನ್ನು ಅದೇ ಲೆಕ್ಕದಲ್ಲಿ ಕೊಡುವ ಹಾಗಿಲ್ಲ. ಹಳೆಯದನ್ನೂ ಹೊಸದನ್ನೂ ಹೋಲಿಸಿದ ದೊಡ್ಡ ಪರೀಕ್ಷೆಯಲ್ಲಿ ಎದೆಯ ಕ್ಯಾನ್ಸರ್ ಇದ್ದ ಸುಮಾರು 450 ಮಹಿಳೆಯರಿದ್ದರು. ಗಡ್ಡೆ ಕುಗ್ಗಿದ್ದು ಹೊಸದರಲ್ಲಿ ಶೇ. 33 ಜನರಿಗೆ, ಹಳೆಯದರಲ್ಲಿ ಶೇ. 19. ಬಿಳಿರಕ್ತಕಣ ತೀರಾ ಇಳಿದದ್ದೂ ಹೊಸದರಲ್ಲಿ ಕಡಿಮೆ. ಆದರೆ ಕೈಕಾಲು ಜೋಮು ಜೋರಾಗಿ ಬಂದದ್ದು ಹೊಸದರಲ್ಲಿ ಶೇ. 10, ಹಳೆಯದರಲ್ಲಿ ಶೇ. 2. ಇದನ್ನು ಅಮ್ಮನಿಗೆ ಮೊದಲೇ ಹೇಳಿಡಿ. ಬೆರಳ ತುದಿ ಮರಗಟ್ಟಿದರೆ 'ವಯಸ್ಸಾಯಿತು' ಅಂತ ಸುಮ್ನೆ ಕೂರಬಾರದು. ನಮ್ಮ ಅಮ್ಮಂದಿರು ಕೂರುತ್ತಾರೆ, ಅಲ್ವಾ?

ನಮ್ಮ ದೇಶದಲ್ಲಿ ಯಾರು ನೋಡುತ್ತಾರೆ ಅಂತ ಕೇಳಿದಿರಿ. 2019ರ ಔಷಧ ನಿಯಮದಲ್ಲಿ, ಹಳೆಯ ಮದ್ದನ್ನೇ ಹೊಸ ವಾಹನದಲ್ಲಿ ಕೂರಿಸಿ ಮೈಯೊಳಗೆ ಕಳಿಸಿದರೂ ಅದು 'ಹೊಸ ಮದ್ದು'. ಮತ್ತೆ ಒಪ್ಪಿಗೆ ಬೇಕು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ನ್ಯಾನೋ ಮದ್ದುಗಳನ್ನು ಹೇಗೆ ಪರೀಕ್ಷಿಸಬೇಕು ಅಂತ ಮಾರ್ಗಸೂಚಿಯನ್ನೇ ತಂದಿತು. 2020ರಲ್ಲಿ ಕೃಷಿ ಮತ್ತು ಆಹಾರಕ್ಕೂ ಒಂದು ಬಂತು. ಕಾಗದದಲ್ಲಿ ಇದ್ದದ್ದೆಲ್ಲ ಊರಲ್ಲಿ ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಡ್ರಿಪ್ಪಿಗೆ ಡೋಸ್ ಉಂಟು, ಬ್ಯಾಚ್ ನಂಬರ್ ಉಂಟು, ಪಕ್ಕದಲ್ಲಿ ನರ್ಸ್ ಉಂಟು, ಕೇಸ್ ಶೀಟ್ ಉಂಟು.

ನಿಮ್ಮ ಸ್ಪ್ರೇಗೆ ಇದರಲ್ಲಿ ಯಾವುದು ಉಂಟು?

ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಸುಳ್ಳಲ್ಲ. ಸುಟ್ಟ ಗಾಯಕ್ಕೆ ಬೆಳ್ಳಿಯ ಪಟ್ಟಿ ಹಾಕುತ್ತಾರೆ. ಆದರೆ ವರ್ಷಗಟ್ಟಲೆ ಬೆಳ್ಳಿನೀರು ಕುಡಿದವರ ಮೈ ಬೂದು ನೀಲಿಯಾದ ಉದಾಹರಣೆಗಳಿವೆ, ಆ ಬಣ್ಣ ಹಿಂದೆ ಹೋಗುವುದಿಲ್ಲ. ಬೆಳ್ಳಿನೀರಿನ ಅಂಗಡಿ ಮದ್ದುಗಳು ಸುರಕ್ಷಿತವೂ ಅಲ್ಲ, ಪರಿಣಾಮಕಾರಿಯೂ ಅಲ್ಲ ಅಂತ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಫ್‌ಡಿಎ 1999ರಲ್ಲೇ ಹೇಳಿದೆ. ನೀವು ಕುಡಿಸುತ್ತಿಲ್ಲ, ಗಾಳಿಗೆ ಬಿಡುತ್ತಿದ್ದೀರಿ. ನನಗೆ ಅದು ಇನ್ನೂ ಹೆಚ್ಚು ಕಿರಿಕಿರಿ. ಚರ್ಮಕ್ಕೆ ಸತ್ತ ಕೋಶಗಳ ದಪ್ಪ ಪದರ ಉಂಟು. ಹೊಟ್ಟೆಯಲ್ಲಿ ಆಮ್ಲ ಉಂಟು, ಉಳಿದದ್ದು ಮಾರನೇ ದಿನ ಹೊರಗೆ ಹೋಗುತ್ತದೆ. ಶ್ವಾಸಕೋಶದ ಕೊನೆಯ ಗಾಳಿಚೀಲಕ್ಕೆ ಅಂಥ ಬಾಗಿಲಿಲ್ಲ. ಅಲ್ಲಿವರೆಗೆ ಹೋದ ಕರಗದ ಕಣ ಬಹಳ ದಿನ ಅಲ್ಲೇ ಕೂರುತ್ತದೆ. ಇಂಗಾಲದ ಉದ್ದ ಸೂಜಿಯಂಥ ನ್ಯಾನೋ ಕೊಳವೆಗಳು ಇಲಿಯ ಮೈಯೊಳಗೆ ಕಲ್ನಾರಿನ (ಆಸ್‌ಬೆಸ್ಟಾಸ್) ಹಾಗೆ ಉರಿಯೂತ ಮಾಡಿದ್ದನ್ನು 2008ರಲ್ಲಿ ಪ್ರಕಟಿಸಿದರು. ಸರಿಯಾದ ಉಸಿರಾಟದ ಪರೀಕ್ಷೆ ಅಂದರೆ ಇಲಿಗಳನ್ನು ದಿನಕ್ಕೆ 6 ಗಂಟೆ, ವಾರಕ್ಕೆ 5 ದಿನ, 13 ವಾರ ಆ ಗಾಳಿಯಲ್ಲಿ ಇಡಬೇಕು. 2018ರಿಂದ ಶ್ವಾಸಕೋಶ ತೊಳೆದ ನೀರನ್ನೂ ನೋಡಬೇಕು, ಒಳಗೆ ಎಷ್ಟು ಉಳಿಯಿತು ಅಂತಲೂ ಅಳೆಯಬೇಕು. ದೊಡ್ಡ ಖರ್ಚು. ಮನೆಬಾಗಿಲಿಗೆ ಬರುವ ಹುಡುಗನ ಬಾಟಲಿಗೆ ಯಾರು ಮಾಡಿಸುತ್ತಾರೆ?

ತಮಾಷೆ ಏನೆಂದರೆ ಅದರಲ್ಲಿ ನ್ಯಾನೋ ಇಲ್ಲದೆಯೂ ಇರಬಹುದು. 2006ರಲ್ಲಿ ಜರ್ಮನಿಯಲ್ಲಿ 'ಮ್ಯಾಜಿಕ್ ನ್ಯಾನೋ' ಅಂತ ಬಾತ್‌ರೂಮ್ ಸ್ಪ್ರೇ ಬಂತು. ಕೆಲವೇ ದಿನಗಳಲ್ಲಿ ನೂರರಷ್ಟು ಜನರಿಗೆ ಕೆಮ್ಮು, ಉಸಿರಾಟದ ತೊಂದರೆ. ಕೆಲವರ ಶ್ವಾಸಕೋಶದಲ್ಲಿ ನೀರು ತುಂಬಿತು. ಎಲ್ಲರೂ ನ್ಯಾನೋವನ್ನು ಬೈದರು. ಆಮೇಲೆ ಪರೀಕ್ಷಿಸಿದರೆ ಅದರಲ್ಲಿ ನ್ಯಾನೋ ಕಣವೇ ಇರಲಿಲ್ಲ. ಹೆಸರು ಮಾತ್ರ. ತೊಂದರೆ ಬಂದದ್ದು ಸ್ಪ್ರೇ ಮಾಡಿದ್ದರಿಂದ.

ಮಗಳ ಸನ್‌ಸ್ಕ್ರೀನ್ ಬಗ್ಗೆ ತಲೆಬಿಸಿ ಬೇಡ. ಕ್ರೀಮ್ ಆದರೆ ಹಚ್ಚಲಿ. ಸತುವಿನ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಎರಡರ ನ್ಯಾನೋ ರೂಪವನ್ನೂ ಶೇ. 25ರ ತನಕ ಚರ್ಮಕ್ಕೆ ಹಚ್ಚಬಹುದು ಅಂತ ಐರೋಪ್ಯ ಒಕ್ಕೂಟದ ಸಮಿತಿ ಹೇಳಿದೆ. ಉಸಿರಿಗೆ ಹೋಗುವ ಸ್ಪ್ರೇ ರೂಪ ಬೇಡ ಅಂತಲೂ ಹೇಳಿದೆ. ನೋಡಿ, ವಸ್ತು ಅದೇ, ದಾರಿ ಬೇರೆ, ತೀರ್ಪು ಬೇರೆ. ಅಲ್ಲಿ 2013ರಿಂದ ಕ್ರೀಮಿನ ಪಟ್ಟಿಯಲ್ಲಿ ವಸ್ತುವಿನ ಹೆಸರಿನ ಮುಂದೆ 'ನ್ಯಾನೋ' ಅಂತ ಬರೆಯುವುದು ಕಡ್ಡಾಯ. ಅದೇ ಟೈಟಾನಿಯಂ ಡೈಆಕ್ಸೈಡನ್ನು ಬಿಳಿ ಬಣ್ಣಕ್ಕೆ ತಿಂಡಿಗೆ ಹಾಕುವುದನ್ನು 2022ರಲ್ಲಿ ಅವರು ನಿಷೇಧಿಸಿದರು. ವಂಶವಾಹಿಗೆ ಹಾನಿ ಆಗುವುದಿಲ್ಲ ಅಂತ ಖಚಿತವಾಗಿ ಹೇಳಲು ಆಗಲಿಲ್ಲ ಅನ್ನುವುದು ಕಾರಣ. ಅಮೆರಿಕದಲ್ಲಿ ತೂಕದ ಶೇ. 1ರ ತನಕ ಈಗಲೂ ಒಪ್ಪಿಗೆ ಉಂಟು. ಒಂದೇ ಕಾಗದ ಓದಿ ಇಬ್ಬರು ಎರಡು ತೀರ್ಮಾನಕ್ಕೆ ಬರುವುದು ನಮ್ಮ ಪಂಚಾಯತಿನಲ್ಲಿ ಮಾತ್ರ ಅಲ್ಲ.

ಎಂಡೋಸಲ್ಫಾನ್ ಮಾತು ಬಂದದ್ದಕ್ಕೆ. ಅದು ನ್ಯಾನೋ ಅಲ್ಲ. ಆದರೆ ಇಲಿಗೆ ಕೊಟ್ಟು ನೋಡಿದ್ದು, ಗುಡ್ಡದ ಮೇಲಿಂದ ಇಪ್ಪತ್ತು ವರ್ಷ ಬಿಟ್ಟಾಗ ಕೆಳಗಿನ ಮನೆಗೆ ಏನಾಗುತ್ತದೆ ಅಂತ ಹೇಳಲಿಲ್ಲ. ಅದನ್ನು ಮೊದಲು ಕಂಡದ್ದು ಲ್ಯಾಬ್ ಅಲ್ಲ. ಪಡ್ರೆಯ ಡಾ. ವೈ. ಎಸ್. ಮೋಹನ್ ಕುಮಾರ್ ಅವರಂಥ ಊರಿನ ವೈದ್ಯರು ತಮ್ಮ ರೋಗಿಗಳನ್ನು ನೋಡಿ, ಇದೇನೋ ಸರಿ ಇಲ್ಲ ಅಂತ ಬರೆದರು. ಇನ್ನೊಂದು ವಿಷಯ ನಿಮಗೆ ಆಶ್ಚರ್ಯ ಆಗಬಹುದು. ನೀರಿನಲ್ಲಿರುವ ಎಂಡೋಸಲ್ಫಾನನ್ನು ಚಿನ್ನದ ನ್ಯಾನೋ ಕಣಗಳಿಂದ ಪತ್ತೆ ಮಾಡಿ ತೆಗೆಯಬಹುದು ಅಂತ 2003ರಲ್ಲಿ ಪ್ರಕಟಿಸಿದವರು ಮದ್ರಾಸ್ ಐಐಟಿಯ ಪ್ರೊ. ಟಿ. ಪ್ರದೀಪ್ ಅವರ ತಂಡ. ಪ್ರದೀಪ್ ನಮ್ಮ ಕೇರಳದವರೇ. ನಿಮ್ಮ ಸುರಂಗದ ನೀರಿಗೆ ಮಡಲಿಗಿಂತ ಒಳ್ಳೆಯ ಮುಚ್ಚಳ ಅದೇ ಇರಬಹುದಿತ್ತು.

ಸ್ಪ್ರೇ ಇವತ್ತೇ ನಿಲ್ಲಿಸಿ. ಕಿಟಕಿ ತೆರೆಯಿರಿ, ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಕೈ ಸೋಪಿನಲ್ಲಿ ತೊಳೆಯಿರಿ. ಕೀಮೋ ರೋಗಿಯ ಕೋಣೆಗೆ ಅಷ್ಟು ಸಾಕು.

ಪಯಸ್ವಿನಿ, ಬೋವಿಕ್ಕಾನ:

ನಾನು ನರ್ಸ್. ಹೆಸರಿಗೆ ಹೆದರುವವರಿಗೆ ಒಂದು ಹೇಳುತ್ತೇನೆ. ರಕ್ತಹೀನತೆ ಇರುವ ಗರ್ಭಿಣಿಯರಿಗೆ ನಾವು ಕೊಡುವ ಐರನ್ ಸುಕ್ರೋಸ್ ಉಂಟಲ್ಲ, ಕಪ್ಪು ಕಾಫಿ ಬಣ್ಣದ್ದು, ಅದೂ ನ್ಯಾನೋ ಕಣವೇ. ಕಬ್ಬಿಣದ ಸಣ್ಣ ಉಂಡೆಗೆ ಸಕ್ಕರೆಯ ಹೊದಿಕೆ. ನಮ್ಮ ಅರ್ಧ ಊರಿನ ಅಮ್ಮಂದಿರು ತೆಗೆದುಕೊಂಡಿದ್ದಾರೆ, ಯಾರೂ ಆ ಹೆಸರು ಕೇಳಿಲ್ಲ. ಬರೇ ಸಲೈನಿನಲ್ಲೇ ಕಲಸಬೇಕು, ನಿಧಾನ ಬಿಡಬೇಕು, ಪಕ್ಕದಲ್ಲಿ ಕೂರಬೇಕು. ಬೇರೆ ಕಂಪೆನಿಯದ್ದು ಬಂದರೆ ನಾನು ಇನ್ನೂ ಹತ್ತಿರ ಕೂರುತ್ತೇನೆ. ಪ್ಯಾರಿಸಿನ ಒಂದು ಡಯಾಲಿಸಿಸ್ ಕೇಂದ್ರದಲ್ಲಿ 75 ಜನರಿಗೆ ಮೂಲ ಐರನ್ ಸುಕ್ರೋಸಿನ ಬದಲು ಅದನ್ನೇ ಹೋಲುವಂತೆ ಬೇರೆಯವರು ಮಾಡಿದ ಮದ್ದು ಕೊಟ್ಟಾಗ ಹಿಮೋಗ್ಲೋಬಿನ್ ಇಳಿಯಿತು ಅಂತ 2011ರಲ್ಲಿ ಬರೆದಿದ್ದಾರೆ. ಪ್ಯಾರಾಸಿಟಮಾಲ್ ನಕಲು ಮಾಡುವುದು ಸುಲಭ. ಇಂಥ ಕಣಗಳನ್ನು ಅಷ್ಟೇ ಗಾತ್ರಕ್ಕೆ, ಅದೇ ಹೊದಿಕೆಯಲ್ಲಿ ಮಾಡುವುದು ಕಷ್ಟ.

ಹಾಗಾಗಿ ಅಮ್ಮನ ಬಾಟಲಿಯ ಹೆಸರು, ಬ್ಯಾಚ್ ನಂಬರ್ ಪ್ರತಿ ಸಲ ಫೋಟೊ ತೆಗೆದಿಡಿ. ಮೊದಲ ಸಲ ಆದ ಅಲರ್ಜಿಯನ್ನು ಯಾರಾದರೂ ವರದಿ ಮಾಡಿದ್ದಾರಾ ಕೇಳಿ. ಔಷಧದ ಅಡ್ಡಪರಿಣಾಮ ಬರೆದಿಡುವ ಕೇಂದ್ರ ಸರಕಾರದ ವ್ಯವಸ್ಥೆ 2010ರಿಂದ ಉಂಟು. ಉಚಿತ ನಂಬರ್ 1800-180-3024. ಡಾಕ್ಟರೇ ಬರೆಯಬೇಕು ಅಂತಿಲ್ಲ, ರೋಗಿಯ ಕಡೆಯವರೂ ಬರೆಯಬಹುದು. ಆ ಫಾರಂ ಕನ್ನಡದಲ್ಲೂ ಉಂಟು.

ಪೆರ್ಲದ ಮಗಳು:

ಮೂರು ಸಲ ಆದ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು.

ಹೊಸ ಮದ್ದು ಅರ್ಧ ಗಂಟೆಯಲ್ಲಿ ಮುಗಿಯಿತು. ಹಾಲಿನ ಹಾಗೆ ಬಿಳಿ ಇತ್ತು. ಅಮ್ಮ ಮುಖ ಕೆಂಪಾಗುತ್ತದಾ ಅಂತ ನನ್ನನ್ನೇ ನೋಡುತ್ತಿದ್ದರು, ನಾನು ಅವರನ್ನು ನೋಡುತ್ತಿದ್ದೆ. ಏನೂ ಆಗಲಿಲ್ಲ. ವಾಪಸ್ ಬರುವಾಗ ತಲಪಾಡಿಯಲ್ಲಿ ಇಳಿದು ಚಾ ಕುಡಿದರು.

ಜೋಮು ಮಾತ್ರ ಬಂತು. ಅಮ್ಮ ಹೇಳಲಿಲ್ಲ. ನನಗೆ ಗೊತ್ತಾದದ್ದು ಅಡಿಕೆ ಸುಲಿಯುವಾಗ. ಅಮ್ಮ ಮೆಟ್ಟುಕತ್ತಿಯ ಮುಂದೆ ಕೂತರೆ ಕಣ್ಣು ಟಿವಿಯ ಮೇಲೆ ಇರುತ್ತದೆ, ಕೈ ತನ್ನಷ್ಟಕ್ಕೆ ಹೋಗುತ್ತದೆ. ಮೊನ್ನೆ ಬಗ್ಗಿ, ಬೆರಳನ್ನೇ ನೋಡಿಕೊಂಡು ಸುಲಿಯುತ್ತಿದ್ದರು. ಕೇಳಿದರೆ, "ಅಡಿಕೆ ಕೈಗೆ ಸಿಗುತ್ತದೆ, ಸಿಕ್ಕಿದ್ದು ಗೊತ್ತಾಗುವುದಿಲ್ಲ" ಅಂದರು. ಹೆಬ್ಬೆರಳಲ್ಲಿ ಎರಡು ಕಡೆ ಗಾಯ. ಯಾವಾಗ ಆಯಿತು ಅಂತಲೂ ಗೊತ್ತಿಲ್ಲ.

ಡಾಕ್ಟರಿಗೆ ಹೇಳಿದೆ. ಈ ಸಲ ನಲವತ್ತು ಜನ ಕಾಯಲಿ ಅಂತ ಕೂತೇ ಹೇಳಿದೆ. ಡೋಸ್ ಸ್ವಲ್ಪ ಇಳಿಸಿದ್ದಾರೆ. ಮೆಟ್ಟುಕತ್ತಿ ನಾನು ಅಟ್ಟಕ್ಕೆ ಹಾಕಿದ್ದಕ್ಕೆ ಅಮ್ಮನಿಗೆ ನನ್ನ ಮೇಲೆ ಕೋಪ. ಕನ್ನಡದ ಫಾರಂ ಸಿಕ್ಕಿತು. ಅಮ್ಮನೇ ಓದಿ, ನಾನು ಬರೆದದ್ದರಲ್ಲಿ ಒಂದು ತಪ್ಪು ಹುಡುಕಿ, ತಿದ್ದಿಸಿದರು.

ಅಡಿಕೆಸೋಗೆ, ಮುಳ್ಳೇರಿಯ:

ಒಳ್ಳೆಯದಾಯಿತು. ಹಳೆ ಲ್ಯಾಬಿನವರೇ, ನನ್ನದೊಂದು ಸಣ್ಣ ಪ್ರಶ್ನೆ. ನಾವು ಕೊಳೆರೋಗಕ್ಕೆ ಬಿಡುವ ಬೋರ್ಡೋ, ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅಜ್ಜನ ಕಾಲದಿಂದ ಬಿಡುತ್ತಿದ್ದೇವೆ. ಅದರಲ್ಲಿ ನ್ಯಾನೋ ಗೀನೋ ಇಲ್ಲ. ಅದಕ್ಕೆ ಹೆದರಬೇಕಾಗಿಲ್ಲ ಅಲ್ವಾ?

ಹಳೆ ಲ್ಯಾಬಿನವ, ಮಂಜೇಶ್ವರ:

ದ್ರಾಕ್ಷಿ ತೋಟಕ್ಕೆ ವರ್ಷಗಟ್ಟಲೆ ಬೋರ್ಡೋ ಬಿಟ್ಟವರ ಶ್ವಾಸಕೋಶದಲ್ಲಿ ತಾಮ್ರ ತುಂಬಿದ ಗಂಟುಗಳನ್ನು ಪೋರ್ಚುಗಲ್‌ನ ವೈದ್ಯರು 1969ರಲ್ಲೇ ವರದಿ ಮಾಡಿದ್ದಾರೆ. ಹೆಸರಲ್ಲಿ ನ್ಯಾನೋ ಇಲ್ಲದಿದ್ದರೂ ಮಂಜು ಮಂಜೇ. ಬರೇ ಬೈರಾಸು ಸುತ್ತಿದರೆ ಸಾಲದು, ಸರಿಯಾದ ಮಾಸ್ಕ್ ಹಾಕಿಸಿ. ಮದ್ದು ಬಿಡುವವನಿಗೂ, ಕೆಳಗೆ ಪೈಪ್ ಹಿಡಿಯುವವನಿಗೂ.

ಪೆರ್ಲದವರೇ, ಆ ಸ್ಪ್ರೇ ಬಾಟಲಿ ಏನು ಮಾಡಿದಿರಿ? ಬಿಸಾಡಿದಿರಾ? ಲೇಬಲಿನಲ್ಲಿ ಏನು ಬರೆದಿದೆ ಅಂತ ನೋಡಬೇಕಿತ್ತು.

ಪೆರ್ಲದ ಮಗಳು:

ಬಿಸಾಡಿಲ್ಲ. ತೋಡಿಗೆ ಹಾಕಲು ಮನಸ್ಸಾಗಲಿಲ್ಲ, ನೀರು ಕೆಳಗಿನ ಮನೆಯವರ ಕೆರೆಗೆ ಹೋಗುತ್ತದೆ. ಮೆಟ್ಟುಕತ್ತಿಯ ಪಕ್ಕದಲ್ಲೇ ಅಟ್ಟದಲ್ಲಿ ಉಂಟು. ಲೇಬಲಿನಲ್ಲಿ ಹೂವಿನ ಚಿತ್ರ, ಒಂದು ಮಗುವಿನ ಚಿತ್ರ, ಶೇ. 99.9 ಅಂತ ದೊಡ್ಡದಾಗಿ ಉಂಟು. ಬೆಳ್ಳಿ ಎಷ್ಟು, ಕಣ ಎಷ್ಟು ದೊಡ್ಡದು, ಮಾಡಿದವರು ಯಾರು, ಒಂದೂ ಇಲ್ಲ. ಫೋಟೊ ಹಾಕುತ್ತೇನೆ, ಕರೆಂಟ್ ಬರಲಿ. ಬೆಳಗ್ಗಿನಿಂದ ಮಳೆ.